ಮನೆಯ ನೀರಿನ ರುಚಿ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಅರಿಯದವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ಆ ಗಿಡ ಮದ್ದೆಂದು ತಿಳಿಯಬೇಕಾದರೆ ಒಮ್ಮೆ ಹಿತ್ತಲನ್ನು ಬಿಟ್ಟು ದೂರ ಹೋಗಿ ಬರಬೇಕೆಂಬುದನ್ನು ಗಾದೆ ಹೇಳುವುದಿಲ್ಲ. ಅದನ್ನು ಹೇಳಬಲ್ಲವರು ನಮ್ಮ ಕಾಸರಗೋಡು ಸೀಮೆಯಲ್ಲಿ ಊರೂರಿನಲ್ಲಿಯೂ ಇದ್ದಾರೆ. ಕೊಲ್ಲಿ ರಾಷ್ಟ್ರಗಳಲ್ಲಿ ಹತ್ತು, ಹದಿನೈದು, ಇಪ್ಪತ್ತೈದು ವರ್ಷ ದುಡಿದು ಮರಳಿ ಬಂದವರೇ ಅವರು. ಅವರು ತಂದ ಪೆಟ್ಟಿಗೆಯಲ್ಲಿ ಏನೇನಿತ್ತೆಂದು ಊರವರೆಲ್ಲ ವಿಚಾರಿಸುತ್ತಾರೆ. ಅವರು ತಂದ ಕಣ್ಣನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಈ ವಾರ ಆ ಕಣ್ಣಿನ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದಿದ್ದೇವೆ. ಕೃಷಿಯ ಪುಟದಲ್ಲಿ ಇದೇಕೆಂದು ಕೇಳುವ ವಾಚಕರು ದಯವಿಟ್ಟು ಕೊನೆಯ ತನಕ ಓದಬೇಕು.

ಹೊಟ್ಟೆಪಾಡಿಗಾಗಿ ನಮ್ಮವರು ಊರು ಬಿಟ್ಟು ಹೋದುದು ಇಂದು ನಿನ್ನೆಯ ಸಂಗತಿಯಲ್ಲ. ಮೊದಲು ಬೊಂಬಾಯಿಗೆ ಹೋದರು. 1973ರಲ್ಲಿ ಎಣ್ಣೆಯ ಬೆಲೆ ಏರಿ ಅರಬ್ ದೇಶಗಳಲ್ಲಿ ರಸ್ತೆ, ಬಂದರು, ಕಟ್ಟಡಗಳ ಕೆಲಸ ಹೆಚ್ಚಿದ ಮೇಲೆ ದುಬಾಯಿ, ಮಸ್ಕತ್ತು, ಕುವೈತುಗಳ ಹೆಸರು ನಮ್ಮ ಅಜ್ಜಿಯಂದಿರ ಬಾಯಿಗೂ ಬಂತು. ಆ ದುಡಿಮೆಯಿಂದ ಸಾಲ ತೀರಿತು. ತಂಗಿಯರ ಮದುವೆ ನಡೆಯಿತು. ಮುಳಿಹುಲ್ಲಿನ ಮಾಡು ಹೋಗಿ ಹಂಚು ಬಂತು, ಹಂಚು ಹೋಗಿ ತಾರಸಿ ಬಂತು. ಇದನ್ನು ಹಗುರಾಗಿ ಕಾಣುವವರ ಗುಂಪಿಗೆ ನಾವು ಸೇರಿದವರಲ್ಲ. ಪರದೇಶದ ಹಣ ಬಾರದೆ ಇರುತ್ತಿದ್ದರೆ ನಮ್ಮ ಎಷ್ಟೋ ಅಡಿಕೆ ತೋಟಗಳು ಅಡವಿನಿಂದ ಬಿಡಿಸಿಕೊಳ್ಳದೆ ಕೈಬಿಟ್ಟು ಹೋಗುತ್ತಿದ್ದುವು.

ಹೋದವರು ಒಂದಲ್ಲ ಒಂದು ದಿನ ಬರತಕ್ಕವರೇ. ಆ ದೇಶಗಳಲ್ಲಿ ಕೆಲಸವಿರುವ ತನಕ ಇರಬಹುದು, ಕೆಲಸ ಮುಗಿದರೆ ಹೊರಡಬೇಕು. 1990ರಲ್ಲಿ ಇರಾಕು ಕುವೈತಿನ ಮೇಲೆ ದಂಡೆತ್ತಿ ಹೋದಾಗ ಸುಮಾರು 1,70,000 ಮಂದಿ ಭಾರತೀಯರನ್ನು ವಿಮಾನಗಳಲ್ಲಿ ಕರೆತರಬೇಕಾಯಿತು. 2020ರಲ್ಲಿ ಕೊರೋನಾ ರೋಗ ಹಬ್ಬಿದಾಗ ಮೇ 7ರಿಂದ ಮೊದಲ್ಗೊಂಡು ವಿಮಾನಗಳು ನಮ್ಮವರನ್ನು ತುಂಬಿಕೊಂಡು ಬಂದುವು. ಹೀಗೆ ಒಮ್ಮೆಲೇ ಬಂದವರುಂಟು. ಪ್ರಾಯ ಸಂದು ಬಂದವರುಂಟು. ಕೆಲಸ ತಪ್ಪಿ ಬಂದವರುಂಟು. ಇನ್ನು ಸಾಕೆಂದು ತಾವಾಗಿಯೇ ಬಂದವರೂ ಉಂಟು. ಬಂದ ಕಾರಣ ಬೇರೆ ಬೇರೆ. ಬಂದ ಮೇಲೆ ಅವರು ಕಾಣುವುದು ಮಾತ್ರ ಒಂದೇ.

ಮರಳಿ ಬಂದವರೊಡನೆ ಸಾವಕಾಶವಾಗಿ ಕುಳಿತು ಮಾತನಾಡಿದವರಿಗೆ ಇದು ತಿಳಿದಿರಬಹುದು. ಮೊದಲ ನಾಲ್ಕು ದಿನ ಅವರು ಅಲ್ಲಿಯ ಎತ್ತರದ ಕಟ್ಟಡ, ಅಗಲದ ರಸ್ತೆಗಳ ಮಾತನ್ನಾಡುತ್ತಾರೆ. ಕೇಳುವವರಿಗೆ ಬೇಕಾದುದೂ ಅದೇ. ಐದನೆಯ ದಿನದಿಂದ ಮಾತು ಬೇರೆ ದಾರಿ ಹಿಡಿಯುತ್ತದೆ. ಕುಚ್ಚಲಕ್ಕಿ ಗಂಜಿಗೆ ಮಾವಿನ ಮಿಡಿ ನೆಂಚಿಕೊಂಡು ಉಣ್ಣುವಾಗ ಅವರು ಸುಮ್ಮನಾಗುತ್ತಾರೆ. ಉಪ್ಪುಸೊಳೆಯ ಪಲ್ಯವನ್ನು ಎರಡನೆಯ ಬಾರಿ ಕೇಳಿ ಹಾಕಿಸಿಕೊಳ್ಳುತ್ತಾರೆ. ಬಚ್ಚಲಿನ ಹಂಡೆಯಿಂದ ಬಿಸಿನೀರನ್ನು ಮೊಗೆಮೊಗೆದು ಮೀಯುತ್ತಾರೆ. ಮಳೆ ಬಂದಾಗ ನಾವು ಅಂಗಳದ ಅಡಿಕೆ ಬಾಚಲು ಓಡಿದರೆ ಅವರು ಜಗಲಿಯಲ್ಲಿ ನಿಂತು ಮಳೆಯನ್ನೇ ನೋಡುತ್ತಾರೆ. ಹಟ್ಟಿಯಲ್ಲಿ ದನ ಮೆಲುಕು ಹಾಕುವ ಸದ್ದು, ಒಲೆಯ ಹೊಗೆ, ಹರವಿದ ಹಣ್ಣಡಿಕೆಯ ವಾಸನೆ, ಸಂಜೆ ದೀಪ ಹೊತ್ತಿಸುವಾಗ ತಾಯಿ ಕರೆಯುವ ದನಿ—ಇವೆಲ್ಲ ನಮಗೆ ಇದ್ದೂ ಇಲ್ಲದ ಹಾಗೆ. ಅವರಿಗೆ ಒಂದೊಂದೂ ಎಣಿಸಿ ತೆಗೆದುಕೊಳ್ಳುವ ವಸ್ತು.

ಇದಕ್ಕೆ ಕಾರಣವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅಲ್ಲಿ ಕೂಲಿ ಕೆಲಸಕ್ಕೆ ಹೋದವರಲ್ಲಿ ಹಲವರ ಬಾಳು ಹತ್ತು ಹನ್ನೆರಡು ಮಂದಿಯ ಕೋಣೆಯಲ್ಲಿ, ಒಂದರ ಮೇಲೊಂದು ಹಾಕಿದ ಮಂಚದಲ್ಲಿ ಕಳೆಯುತ್ತದೆ. ಅಡುಗೆಗೆ ಸರದಿ, ಸ್ನಾನಕ್ಕೆ ಸರದಿ. ಒಮಾನ್ ದೇಶದಲ್ಲಿ ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮಧ್ಯಾಹ್ನ 12.30ರಿಂದ 3.30ರ ತನಕ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂದು ಕಾನೂನು ಉಂಟು, ಬಿಸಿಲು ಅಂಥದು. ನಮ್ಮಲ್ಲಿ ಅದೇ ಮೂರು ತಿಂಗಳು ತೋಡು ತುಂಬಿ ಹರಿಯುವ ಕಾಲ. ಮಸ್ಕತ್ತಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರು. ನಮ್ಮ ಕಾಸರಗೋಡಿನಲ್ಲಿ ಸುಮಾರು 3,500 ಮಿಲಿಮೀಟರು. ಅಲ್ಲಿ ಪೇಟೆಯ ಜನ ಕುಡಿಯುವ ನೀರಿನ ಬಹುಪಾಲು ಸಮುದ್ರದ ಉಪ್ಪುನೀರನ್ನು ಯಂತ್ರಗಳಲ್ಲಿ ಸಿಹಿಮಾಡಿದ್ದು. ಅದೇ ದೇಶದ ದಕ್ಷಿಣದಲ್ಲಿ ಸಲಾಲಾ ಎಂಬ ಊರು ಉಂಟು. ಅಲ್ಲಿಗೆ ಮಾತ್ರ ನಮ್ಮ ಮುಂಗಾರಿನ ಸೆರಗು ತಗಲಿ ಜೂನಿನಿಂದ ಸೆಪ್ಟೆಂಬರಿನ ತನಕ ಗುಡ್ಡೆಗಳು ಹಸುರಾಗುತ್ತವೆ. ತೆಂಗು, ಬಾಳೆ ಬೆಳೆಯುತ್ತವೆ. ಆ ತುಂತುರು ಮಳೆಯಲ್ಲಿ ನಿಲ್ಲುವುದಕ್ಕಾಗಿ ಕೊಲ್ಲಿಯ ಬೇರೆ ಬೇರೆ ಕಡೆಗಳಿಂದ ಜನ ರಜೆ ಹಾಕಿ, ಹಣ ಖರ್ಚುಮಾಡಿ ಬರುತ್ತಾರೆ. ಮಳೆ ನಿಲ್ಲುವುದೊಂದೂ ಕಾಣುವುದಿಲ್ಲವೆಂದು ಆಟಿ ತಿಂಗಳಲ್ಲಿ ಬೈದುಕೊಳ್ಳುವ ನಾವು ಈ ಮಾತನ್ನು ಒಮ್ಮೆ ಯೋಚಿಸಬೇಕು.

ಅಜ್ಜನ ಸುರಂಗ

ನಮ್ಮ ನೆರೆಕರೆಯವರೊಬ್ಬರು ಇಪ್ಪತ್ತೆರಡು ವರ್ಷ ಮಸ್ಕತ್ತಿನಲ್ಲಿ ವಾಹನ ಚಾಲಕರಾಗಿದ್ದು ಮೂರು ವರ್ಷದ ಹಿಂದೆ ಊರಿಗೆ ಬಂದರು. ಅವರ ಮನೆಯ ಹಿಂದಿನ ಗುಡ್ಡೆಯಲ್ಲಿ ಅಜ್ಜನ ಕಾಲದ ಸುರಂಗವೊಂದುಂಟು. ಪಂಪು ಬಂದ ಮೇಲೆ ಅದನ್ನು ಕೇಳುವವರಿಲ್ಲದೆ ಬಾಯಿಗೆ ಪೊದೆ ಕವಿದಿತ್ತು; ಒಳಗೆ ಮಣ್ಣು ಜರಿದಿತ್ತು. ಬೇಸಗೆಯಲ್ಲಿ ಬಾವಿ ಬತ್ತುತ್ತದೆಂದು ತಮ್ಮಂದಿರು ಕೊಳವೆ ಬಾವಿಯ ಯಂತ್ರದವರನ್ನು ಮೊದಲೇ ಮಾತನಾಡಿಸಿ ಇಟ್ಟಿದ್ದರು. ಜಾಗ ಗುರುತಿಸಿದ್ದೂ ಆಗಿತ್ತು. ಅಣ್ಣ ಬಂದು ಹಣ ಕೊಡುವುದೊಂದು ಬಾಕಿ. ಇವರು ಬಂದು ನೋಡಿ, "ಒಂದು ಬೇಸಗೆ ತಡೆಯಿರಿ" ಎಂದರು. ಪರದೇಶದಲ್ಲಿ ಇಷ್ಟು ವರ್ಷ ಇದ್ದು ಬಂದವನಿಗೆ ಅಜ್ಜನ ಬಿಲವೇ ಬೇಕಾಯಿತೇ ಎಂದು ಮನೆಯವರು ನಕ್ಕರು.

ಅವರು ನಮ್ಮೊಡನೆ ಹೇಳಿದ ಕಾರಣ ಹೀಗೆ: "ಮಾಷ್ಟ್ರೇ, ನಿಜ್ವಾ ಎಂಬ ಊರಿನಲ್ಲಿ ಇಂಥದೇ ನೀರು ಕಾಲುವೆಯಲ್ಲಿ ಹರಿಯುತ್ತದೆ. ಗುಡ್ಡದ ಬುಡದಿಂದ ನೆಲದೊಳಗೇ ಬರುತ್ತದೆ, ಪಂಪಿಲ್ಲ. ಅದನ್ನು ನೋಡಲಿಕ್ಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ನಾನೂ ಗಾಡಿಯಲ್ಲಿ ಎಷ್ಟೋ ಮಂದಿಯನ್ನು ಕರಕೊಂಡು ಹೋಗಿದ್ದೇನೆ. ಒಮ್ಮೆ ಅಲ್ಲಿ ಕಾಲು ಇಳಿಬಿಟ್ಟು ಕೂತಾಗ ನಮ್ಮ ಸುರಂಗದ ತಣ್ಣಗೆ ಕಾಲಿಗೆ ಬಂದ ಹಾಗಾಯಿತು. ಊರಿಗೆ ಬಂದು ನೋಡಿದರೆ ಅದರ ಬಾಯಿಯೇ ಕಾಣುವುದಿಲ್ಲ."

ಅವರು ಹೇಳಿದ ಆ ಕಾಲುವೆಗೆ ಅರಬ್ಬಿಯಲ್ಲಿ ಫಲಜ್ ಎಂದು ಹೆಸರು. ಒಮಾನಿನಲ್ಲಿ ಅಂಥ ಸುಮಾರು 3,000 ಕಾಲುವೆಗಳು ಈಗಲೂ ನೀರು ಕೊಡುತ್ತವೆ. ಅವುಗಳಲ್ಲಿ ಐದನ್ನು ಯುನೆಸ್ಕೋ ಸಂಸ್ಥೆಯು 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಿಜ್ವಾದ ದಾರಿಸ್ ಫಲಜ್ ಐದರಲ್ಲಿ ಒಂದು. ನೀರನ್ನು ಪಾಲುದಾರರು ಹೊತ್ತಿನ ಲೆಕ್ಕದಲ್ಲಿ ಹಂಚಿಕೊಳ್ಳುತ್ತಾರೆ. ಹಿಂದೆ ಹಗಲು ನೆರಳನ್ನು ನೋಡಿ, ರಾತ್ರಿ ನಕ್ಷತ್ರವನ್ನು ನೋಡಿ ಸರದಿ ತಿಳಿಯುತ್ತಿದ್ದರಂತೆ. 100 ಮಿಲಿಮೀಟರು ಮಳೆಯ ನಾಡಿನವರು ತಮ್ಮ ಹಿರಿಯರ ನೀರಿನ ದಾರಿಯನ್ನು ಕಾಪಾಡಿಕೊಂಡು ಲೋಕಕ್ಕೆ ತೋರಿಸುತ್ತಾರೆ. 3,500 ಮಿಲಿಮೀಟರು ಮಳೆಯ ನಾಡಿನವರಾದ ನಾವು ನಮ್ಮ ಸುರಂಗಗಳಿಗೆ ಕಸ ಸುರಿಯುತ್ತೇವೆ. ಇದನ್ನು ಕಾಣಲು ನಮ್ಮೂರಿನ ಒಬ್ಬರು ಅಷ್ಟು ದೂರ ಹೋಗಿ ಬರಬೇಕಾಯಿತು.

ಎಳೆಯರಿಗಾಗಿ ಸುರಂಗದ ರೀತಿಯನ್ನು ಚುಟುಕಾಗಿ ಹೇಳುವೆವು. ಮುರಕಲ್ಲಿನ ಗುಡ್ಡೆಯ ಇಳಿಜಾರಿನಲ್ಲಿ ಒಬ್ಬ ಮನುಷ್ಯನು ನಡೆದು ಹೋಗುವಷ್ಟು ಎತ್ತರ, ಕೈಯಾಡಿಸುವಷ್ಟು ಅಗಲಕ್ಕೆ ಅಡ್ಡವಾಗಿ ಕೊರೆದುಕೊಂಡು ಹೋಗುವುದು. ಉದ್ದವನ್ನು ಕೋಲಿನ ಲೆಕ್ಕದಲ್ಲಿ ಅಳೆಯುವುದು. ಒಳಗೆ ಹೋದಂತೆ ತಳವನ್ನು ತುಸು ತುಸು ಏರಿಸಿದರೆ ಒಸರಿದ ನೀರು ತಾನಾಗಿಯೇ ಹೊರಗೆ ಹರಿದು ಬರುತ್ತದೆ. ಹಿಂದೆ ಅದನ್ನು ಅಡಿಕೆ ದಂಬೆಯಲ್ಲಿ, ಈಗ ಪೈಪಿನಲ್ಲಿ, ಕೆರೆಗೋ ತೊಟ್ಟಿಗೋ ಬಿಡುತ್ತಾರೆ. ವಿದ್ಯುತ್ತು ಬೇಡ, ಎಣ್ಣೆ ಬೇಡ. ಅಗೆಯುವವರು ದೀಪ ಹಿಡಿದುಕೊಂಡು ಹೋಗುವುದು ಬೆಳಕಿಗೆ ಮಾತ್ರವಲ್ಲ; ದೀಪ ಕುಂದಿದರೆ ಉಸಿರಿಗೆ ಗಾಳಿ ಸಾಲದೆಂದು ತಿಳಿದು ಕೂಡಲೇ ಹೊರಗೆ ಬರಬೇಕು. ಹಳೆಯ ಸುರಂಗಕ್ಕೆ ಅನುಭವಸ್ಥರಿಲ್ಲದೆ ಯಾರೂ ಇಳಿಯಕೂಡದು. ಒಬ್ಬರೇ ಅಂತೂ ಹೋಗಲೇಬಾರದು.

ನೆರೆಯವರು ಬಲ್ಲವರಿಬ್ಬರನ್ನು ಕರೆಸಿ ಜರಿದ ಮಣ್ಣನ್ನು ತೆಗೆಸಿದರು. ಬುಟ್ಟಿ ಹೊತ್ತು ಹೊರಗೆ ಸಾಗಿಸಿದವರು ಅವರೇ. ಆ ಏಪ್ರಿಲಿನಲ್ಲಿ ನಾವು ಹೋಗಿ ಅಳೆದೆವು: 20 ಲೀಟರಿನ ಬಾಲ್ದಿ ತುಂಬಲು ನಾಲ್ಕು ನಿಮಿಷ. ಕಿರುಬೆರಳ ಗಾತ್ರದ ನೀರು, ನೋಡಿದರೆ ಏನೂ ಅಲ್ಲ. ಆದರೆ ಲೆಕ್ಕ ಮಾಡಿರಿ. ನಿಮಿಷಕ್ಕೆ 5 ಲೀಟರಾದರೆ ಗಂಟೆಗೆ 300, ದಿನಕ್ಕೆ 7,200 ಲೀಟರು. ಮನೆಖರ್ಚಿಗೆ, ದನಕ್ಕೆ 1,200 ಲೀಟರು ಕಳೆದರೂ 6,000 ಉಳಿಯಿತು. ಹನಿ ನೀರಾವರಿಯಲ್ಲಿ ಅಡಿಕೆ ಮರವೊಂದಕ್ಕೆ ಬೇಸಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರು ನೀರು ಸಾಕೆಂದು ತಜ್ಞರ ಶಿಫಾರಸು. 20ರಂತೆ ಹಿಡಿದರೂ 300 ಮರಗಳಾದುವು. ಎಂದರೆ ಅರ್ಧ ಎಕರೆಗೆ ಮಿಕ್ಕಿದ ತೋಟ. ತಮ್ಮಂದಿರ ಭಾಗದ ತೋಟಕ್ಕೆ ಇದು ಸಾಲದು. ಅವರ ಕೊಳವೆ ಬಾವಿಯ ಯೋಚನೆ ಇನ್ನೂ ಹೋಗಿಲ್ಲ. ಸುರಂಗವೊಂದೇ ಎಲ್ಲರ ಬಾಯಾರಿಕೆಯನ್ನು ತೀರಿಸುತ್ತದೆಂದು ನಾವೂ ಹೇಳುವುದಿಲ್ಲ. ಇರುವುದನ್ನು ಅಳೆಯದೆ ಇಲ್ಲವೆನ್ನಬಾರದೆಂದಷ್ಟೇ ನಮ್ಮ ವಾದ.

ಕಣ್ಣು ಮಬ್ಬಾಗುವ ಬಗೆ

ಮರಳಿ ಬಂದವರ ಈ ಕಣ್ಣು ಬಹಳ ಕಾಲ ಇರುವುದಿಲ್ಲ. ನಮ್ಮ ಅಂದಾಜಿನಲ್ಲಿ ಅದರ ಆಯುಷ್ಯ ಒಂದು ವರ್ಷ. ಮೊದಲ ಮಳೆಗಾಲದಲ್ಲಿ ಅಮೃತವಾಗಿದ್ದ ನೀರು ಎರಡನೆಯ ಮಳೆಗಾಲಕ್ಕೆ ಬರೇ ನೀರಾಗುತ್ತದೆ. ಗಂಜಿ ಬರೇ ಗಂಜಿಯಾಗುತ್ತದೆ. ಇದು ಮನುಷ್ಯನ ಸ್ವಭಾವ. ಯಾರನ್ನೂ ದೂರಿ ಫಲವಿಲ್ಲ. ಆದರೆ ಆ ಒಂದು ವರ್ಷವನ್ನೂ ಪೂರ್ತಿಯಾಗಿ ಅನುಭವಿಸಲು ನಾವು ಅವರನ್ನು ಬಿಡುವುದಿಲ್ಲ. ನಮ್ಮ ಆಕ್ಷೇಪ ಅಲ್ಲಿ.

ಬಂದವನು ಕೈಕಾಲು ತೊಳೆದು ಕುಳಿತುಕೊಳ್ಳುವ ಮೊದಲೇ, "ಮತ್ತೆ ಯಾವಾಗ ಹೊರಡುವುದು?" ಎಂದು ಕೇಳುವುದು ನಮ್ಮೂರಿನ ಕುಶಲ ಪ್ರಶ್ನೆಯಾಗಿ ಹೋಗಿದೆ. ಕೇಳುವವರಿಗೆ ಕೆಟ್ಟ ಮನಸ್ಸಿಲ್ಲ. ಕೇಳಿಸಿಕೊಂಡವನಿಗೆ ಮಾತ್ರ ತನ್ನ ಮನೆಯಲ್ಲಿ ತಾನು ನೆಂಟನೆಂದು ತೋರುತ್ತದೆ. ಇನ್ನು ಹೋಗುವುದಿಲ್ಲವೆಂದರೆ, ಅಲ್ಲಿ ಏನೋ ಆಗಿರಬೇಕೆಂಬ ಸಂಶಯ. ಮದುವೆ ಮನೆಗಳಲ್ಲಿ ಅವನ ಮಾತಿಗೆ ಇದ್ದ ತೂಕ ಕಡಮೆಯಾಗುತ್ತದೆ. ತಂದ ಹಣ ಇರುವಾಗಲೇ ದೊಡ್ಡ ಮನೆ ಕಟ್ಟಿಸೆಂದು ನಾಲ್ಕು ಕಡೆಯಿಂದ ಬುದ್ಧಿವಾದ ಬರುತ್ತದೆ. ಗುಡ್ಡೆ ಜರಿದು ಅಂಗಳ ಮಾಡಿ, ಅಂಗಳಕ್ಕೆ ಕಲ್ಲು ಹಾಸಿ, ಬಿದ್ದ ಮಳೆ ಒಂದು ಹನಿಯೂ ಇಂಗದಂತೆ ತೋಡಿಗೆ ಕಳುಹಿಸಿ, ಕಡೆಗೆ ನೀರಿಲ್ಲವೆಂದು ನೆಲಕ್ಕೆ ತೂತು ಕೊರೆಯುವ ಮನೆಗಳನ್ನು ನಾವು ಎಷ್ಟು ನೋಡಿಲ್ಲ! ಮರಳುನಾಡಿನಲ್ಲಿ ಯಾವ ನೀರಿಗಾಗಿ ಆತನು ಹಂಬಲಿಸಿದನೋ ಅದೇ ನೀರನ್ನು ಆ ಮರಳುನಾಡಿನ ಹಣದಿಂದಲೇ ಬತ್ತಿಸುವ ಪ್ರಸಂಗ ಇದು.

ಮತ್ತೊಂದು ಅಡ್ಡಿ ನಾಚಿಕೆ. ಅಲ್ಲಿ ಸಿಮೆಂಟು ಚೀಲ ಹೊತ್ತವನಿಗೆ, ಪಾತ್ರೆ ತೊಳೆದವನಿಗೆ, ಇಲ್ಲಿ ಗೊಬ್ಬರದ ಬುಟ್ಟಿ ಹೊರಲು ಸಂಕೋಚ. ಸಂಕೋಚವನ್ನು ಹುಟ್ಟಿಸುವವರು ನೋಡಿ ನಗುವ ನಾವೇ. ಕೆಲಸದಲ್ಲಿ ಮೇಲುಕೀಳಿಲ್ಲವೆಂದು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇವೆ. ಸಂಜೆ ತೋಟದ ದಾರಿಯಲ್ಲಿ ಆ ಪಾಠವನ್ನು ನಾವೇ ಮರೆಯುತ್ತೇವೆ. ನಮ್ಮ ನಾಡಿನ ಹಿರಿಯ ಕವಿಗಳಾದ ಕಯ್ಯಾರ ಕಿಞ್ಞಣ್ಣ ರೈಗಳು (1915–2015) ಪೆರಡಾಲದ ಶಾಲೆಯಲ್ಲಿ ಅಧ್ಯಾಪಕರಾಗಿದ್ದರು, ಬದಿಯಡ್ಕದ ಸಮೀಪದ ತಮ್ಮ ಮನೆಯಲ್ಲಿ ಕೃಷಿಕರೂ ಆಗಿದ್ದರು. ಮಣ್ಣು ಮೆತ್ತಿದ ಕೈಯಿಂದ ಲೇಖನಿಗೂ ಅವಮಾನವಾಗಲಿಲ್ಲ, ಶಾಲೆಗೂ ಆಗಲಿಲ್ಲ.

ಒಂದು ಆಕ್ಷೇಪಕ್ಕೆ ಉತ್ತರ

ಮನೆಯ ಗಂಜಿಯ ರುಚಿಯನ್ನು ಹೊಗಳಿದರೆ ಸಾಲದು, ಹೊಟ್ಟೆ ತುಂಬಬೇಡವೇ ಎಂದು ಯುವಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅಡಿಕೆಯ ಧಾರಣೆ ಇಂದಿನಂತೆ ನಾಳೆ ಇರುವುದಿಲ್ಲ. ಕೊಳೆರೋಗಕ್ಕೆ ಮುಂಗಾರಿನ ಮೊದಲೊಮ್ಮೆ, ನಲುವತ್ತು ನಲುವತ್ತೈದು ದಿನ ಕಳೆದು ಇನ್ನೊಮ್ಮೆ ಬೋರ್ಡೋ ದ್ರಾವಣ ಬಿಡಬೇಕು. ಮರ ಹತ್ತಿ ಮದ್ದು ಬಿಡುವವರು ಸಿಕ್ಕುವುದಿಲ್ಲ. ಹಳದಿ ಎಲೆ ರೋಗ ಬಂದ ತೋಟದವರ ಕಷ್ಟವನ್ನು ಬರೆದು ತೀರದು. ಹೀಗಿರುವಾಗ ಹೋಗುವವರು ಹೋಗಲಿ. ಅವರನ್ನು ತಡೆಯಲು ನಮಗೆ ಅಧಿಕಾರವೂ ಇಲ್ಲ, ಮನಸ್ಸೂ ಇಲ್ಲ.

ಆದರೆ ಲೆಕ್ಕ ಹಾಕುವಾಗ ಎರಡು ಕಡೆಯನ್ನೂ ಬರೆಯಬೇಕು. ಪರದೇಶದ ಸಂಬಳವನ್ನು ನಾವು ರೂಪಾಯಿಯಲ್ಲಿ ಗುಣಿಸಿ ನೋಡುತ್ತೇವೆ. ಮನೆಯ ದಿನಚರಿ ಕೊಡುವುದನ್ನು ಗುಣಿಸುವವರಿಲ್ಲ. ಸುರಂಗದ ನೀರು, ಹಟ್ಟಿಯ ಹಾಲು, ಚಪ್ಪರದ ಬಸಳೆ, ಹಿತ್ತಲಿನ ಹಲಸು, ಒಲೆಗೆ ತೆಂಗಿನ ಮಡಲು, ತೋಟಕ್ಕೆ ಗುಡ್ಡೆಯ ಸೊಪ್ಪು—ಇವುಗಳಿಗೆ ಪೇಟೆಯ ಧಾರಣೆ ಹಾಕಿ ಒಂದು ತಿಂಗಳು ಪುಸ್ತಕದಲ್ಲಿ ಬರೆದು ನೋಡಿರಿ. ನಮ್ಮ ಕಾಸರಗೋಡು ಗಿಡ್ಡ ದನ ದಿನಕ್ಕೆ ಕೊಡುವ ಹಾಲು ಒಂದೆರಡು ಲೀಟರು ಮಾತ್ರ. ಆದರೆ ಅದು ತಿನ್ನುವುದೂ ಕಡಮೆ, ಗುಡ್ಡೆ ಹತ್ತಿ ಮೇಯುವ ಜಾತಿ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಟ್ಟಿಗೊಬ್ಬರ, 12 ಕಿಲೋ ಹಸುರೆಲೆ ಬೇಕೆಂದು ಶಿಫಾರಸು ಉಂಟು. ಆ ಗೊಬ್ಬರವನ್ನು ಲಾರಿಯಲ್ಲಿ ತರಿಸಿದವರಿಗೆ ಹಟ್ಟಿಯ ಬೆಲೆ ಗೊತ್ತು. ಈ ಪುಸ್ತಕವನ್ನು ಬರೆದು ನೋಡಿದ ಮೇಲೆ ಹೊರಡುವವನು ಏನನ್ನು ಬಿಟ್ಟು ಹೊರಡುತ್ತೇನೆಂದು ತಿಳಿದು ಹೊರಡಲಿ. ಬಂದವನು ಯಾವುದಕ್ಕೆ ಬಂದೆನೆಂದು ತಿಳಿದು ನಿಲ್ಲಲಿ.

ಇಲ್ಲಿ ಮನೆಯ ಹೆಂಗಸರ ಮಾತನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಗಂಡ ಇಪ್ಪತ್ತು ವರ್ಷ ಹೊರಗಿದ್ದಾಗ ತೋಟಕ್ಕೆ ನೀರು ಬಿಟ್ಟವಳು, ಅಡಿಕೆ ಒಣಗಿಸಿದವಳು, ಮಳೆಗಾಲದಲ್ಲಿ ಕಣಿ ಬಿಡಿಸಲು ಆಳನ್ನು ಹುಡುಕಿದವಳು, ಮಕ್ಕಳನ್ನು ಶಾಲೆಗೆ ಕಳುಹಿಸಿದವಳು, ಅತ್ತೆಮಾವಂದಿರನ್ನು ಆಸ್ಪತ್ರೆಗೆ ಕರೆದೊಯ್ದವಳು ಹೆಂಡತಿ. ಮರಳಿ ಬಂದವನು ಯಾವ ದಿನಚರಿಯನ್ನು ಕಂಡು ಕಣ್ಣರಳಿಸುತ್ತಾನೋ ಅದು ತಾನಾಗಿ ನಡೆದುದಲ್ಲ, ಆಕೆ ನಡೆಸಿದ್ದು. ಬಂದ ಮೂರನೆಯ ದಿನ ಆಕೆಯ ಕೈಯಿಂದ ಲೆಕ್ಕದ ಪುಸ್ತಕವನ್ನು ಕಸಿದುಕೊಂಡು ತೋಟವನ್ನು ಸುಧಾರಿಸಲು ಹೊರಡುವವರಿದ್ದಾರೆ. ಅಂಥವರು ಒಂದು ವರ್ಷ ಆಕೆಯ ಹಿಂದೆ ನಡೆದು ಕೆಲಸ ಕಲಿಯುವುದು ಲೇಸು. ಮನೆಯ ಬಾಳನ್ನು ಮೆಚ್ಚುವುದೆಂದರೆ ಅದನ್ನು ಹೊತ್ತುಕೊಂಡಿದ್ದವರ ಬೆನ್ನನ್ನೂ ನೋಡುವುದು. ಹೊರೆಯಲ್ಲಿ ಅರ್ಧವನ್ನು ಇಳಿಸಿಕೊಳ್ಳುವುದು.

ಮಾಡತಕ್ಕ ಕೆಲಸಗಳು

ಮರಳಿ ಬಂದ ಬಾಂಧವರಲ್ಲಿ ನಮ್ಮ ಬಿನ್ನಹ ಇಷ್ಟು. ಒಂದನೆಯದಾಗಿ, ಬಂದ ಮೊದಲ ವರ್ಷದಲ್ಲಿ ದೊಡ್ಡ ಹಣವನ್ನು ಮನೆಗೂ ಯಂತ್ರಕ್ಕೂ ಹಾಕದೆ ಒಂದು ಮಳೆಗಾಲ, ಒಂದು ಬೇಸಗೆ ಪೂರ್ತಿಯಾಗಿ ತೋಟದಲ್ಲಿ ನಡೆದಾಡಿರಿ. ಯಾವ ಒರತೆ ಯಾವ ತಿಂಗಳಿಗೆ ನಿಲ್ಲುತ್ತದೆ, ಯಾವ ಕಣಿಯಲ್ಲಿ ನೀರು ಕಟ್ಟುತ್ತದೆ ಎಂಬುದನ್ನು ಬರೆದಿಡಿರಿ. ಎರಡನೆಯದಾಗಿ, ಹಳೆಯ ಸುರಂಗ, ಮದಕ, ಕೆರೆಗಳಿದ್ದರೆ ಹೂಳು ತೆಗೆಸಿ, ಬಾಲ್ದಿ ಇಟ್ಟು ನೀರನ್ನು ಅಳೆಯಿರಿ. ಮೂರನೆಯದಾಗಿ, ಮಳೆ ನಿಂತು ತೋಡಿನ ಹರಿವು ಇಳಿದಾಗ, ನವೆಂಬರ್ ಡಿಸೆಂಬರುಗಳಲ್ಲಿ, ಕಲ್ಲು ಮಣ್ಣಿನ ಕಟ್ಟ ಹಾಕಲು ನೆರೆಕರೆಯವರನ್ನು ಸೇರಿಸಿರಿ. ಏತಡ್ಕದ ಕೃಷಿಕರ ಕಟ್ಟಗಳನ್ನು ನೋಡಿ ಬಂದರೆ ಇದು ಒಬ್ಬನಿಂದ ಆಗುವ ಕೆಲಸವಲ್ಲ, ಹತ್ತು ಮನೆಯವರು ಕೂಡಿದರೆ ಕಷ್ಟದ ಕೆಲಸವೂ ಅಲ್ಲ ಎಂದು ತಿಳಿಯುವುದು. ಕಟ್ಟ ಒಬ್ಬರ ಜಾಗದಲ್ಲಿ, ಒರತೆ ಹತ್ತು ಬಾವಿಗಳಲ್ಲಿ.

ನಾಲ್ಕನೆಯದಾಗಿ, ಅಲ್ಲಿ ಕಲಿತು ಬಂದುದನ್ನು ಬಚ್ಚಿಡಬೇಡಿರಿ. ಹೇಳಿದ ಹೊತ್ತಿಗೆ ಕೆಲಸಕ್ಕೆ ಬರುವುದು, ಎತ್ತರದಲ್ಲಿ ಕೆಲಸ ಮಾಡುವವನಿಗೆ ಸೊಂಟಪಟ್ಟಿ ಕಟ್ಟದೆ ಬಿಡದಿರುವುದು, ಸಾಮಾನಿನ ಲೆಕ್ಕ ಬರೆದಿಡುವುದು, ಒಂದು ಹನಿ ನೀರನ್ನೂ ಪೋಲುಮಾಡದಿರುವುದು—ಇವು ನಮ್ಮ ತೋಟಗಳಿಗೆ ಬಹಳ ಬೇಕಾದ ವಿದ್ಯೆಗಳು. ಅಡಿಕೆ ಮರ ಹತ್ತುವ ಆಳು ಬಿದ್ದು ನಡ ಮುರಿದುಕೊಂಡರೆ ವಿಧಿಯೆನ್ನುವ ಊರಿಗೆ ನಿಮ್ಮ ಆ ಒಂದು ಅಭ್ಯಾಸ ಪೆಟ್ಟಿಗೆಯ ಸುಗಂಧಕ್ಕಿಂತ ಹೆಚ್ಚಿನ ಉಡುಗೊರೆ. ಬಂಡವಾಳದ ಮಾತಿಗೆ ಬಂದರೆ, ಎರಡು ವರ್ಷಕ್ಕೆ ಕಡಮೆಯಿಲ್ಲದೆ ಹೊರಗೆ ದುಡಿದು ಬಂದವರ ಉದ್ಯಮಕ್ಕೆ ಸಾಲ, ಸಹಾಯಧನಗಳ ಯೋಜನೆಯನ್ನು ಕೇರಳ ಸರಕಾರವು ನೋರ್ಕಾ ಇಲಾಖೆಯ ಮೂಲಕ ನಡೆಸುತ್ತಿದೆ. ಕೃಷಿ, ಹೈನುಗಾರಿಕೆಗಳೂ ಅದರಲ್ಲಿ ಸೇರಿವೆ. ಬೆಳೆಯ ವಿಷಯದಲ್ಲಿ ಸಂದೇಹ ಬಂದರೆ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಮೊದಲಾದ ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಸ್ಥೆಯೂ, ಅಡಿಕೆಗಾಗಿ ವಿಟ್ಲದಲ್ಲಿರುವ ಅದರ ಕೇಂದ್ರವೂ ದೂರವಿಲ್ಲ.

ಊರಲ್ಲಿಯೇ ಉಳಿದ ನಮಗೂ ಒಂದು ಪಾಠವುಂಟು. ಎಲ್ಲರೂ ಪರದೇಶಕ್ಕೆ ಹೋಗಿ ಕಣ್ಣು ಪಡೆದು ಬರುವುದು ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಬಂದವರ ಕಣ್ಣನ್ನು ಕಡ ಕೇಳಿದರೆ ಸಾಕು. ಯಾವಾಗ ಹೊರಡುತ್ತೀರೆಂದು ಕೇಳುವ ಬದಲು, "ಬಂದ ಮೇಲೆ ಇಲ್ಲಿ ನಿಮಗೆ ಏನು ಚಂದ ಕಂಡಿತು, ಏನು ಕೆಟ್ಟದು ಕಂಡಿತು?" ಎಂದು ಕೇಳೋಣ. ಎರಡನೆಯ ಪ್ರಶ್ನೆಯೂ ಬೇಕು. ತೋಡಿನಲ್ಲಿ ತೇಲುವ ಪ್ಲಾಸ್ಟಿಕ್ಕು ನಮ್ಮ ಕಣ್ಣಿಗೆ ಬೀಳುವುದು ನಿಂತು ಬಹಳ ಕಾಲವಾಗಿದೆ, ಅವರ ಕಣ್ಣಿಗೆ ಬೀಳುತ್ತದೆ. ಶಾಲೆಗಳಲ್ಲಿಯೂ ಅವರನ್ನು ಕರೆದು ಮಕ್ಕಳ ಮುಂದೆ ಮಾತನಾಡಿಸಬಹುದು. ಅಪ್ಪ ಪರದೇಶದಿಂದ ಏನು ಕಳುಹಿಸುತ್ತಾನೆಂದು ಎಣಿಸುವ ಮಗುವು, ಅಪ್ಪ ಅಲ್ಲಿ ಏನಿಲ್ಲದೆ ಇದ್ದನೆಂಬುದನ್ನೂ ಕೇಳಲಿ. ಮನೆಯಲ್ಲಿ ಆಡುವ ಕನ್ನಡ, ತುಳು ಮಾತಿಗಾಗಿ ವರ್ಷಾನುಗಟ್ಟಲೆ ಕಿವಿಯೊಡ್ಡಿ ಕುಳಿತವನು ತನ್ನ ಮಗುವಿಗೆ ಆ ಮಾತು ಬೇಡವೆನ್ನುವ ಮೊದಲು ತನ್ನ ಕಿವಿಯನ್ನೇ ಒಮ್ಮೆ ಕೇಳಿ ನೋಡಲಿ. ಗಡಿಯ ಈಚೆಗಿರುವ ನಮ್ಮ ಕನ್ನಡ ಶಾಲೆಗಳು ಉಳಿಯುವುದು ಅಂಥ ಕಿವಿಗಳಿಂದಲೇ.

ಸುಖವೆಂದರೆ ಇನ್ನೆಲ್ಲಿಯೋ ಇರುವ ವಸ್ತುವೆಂದು ನಂಬುವುದು ಸುಲಭ. ಅದು ನಮ್ಮ ಬಚ್ಚಲಲ್ಲಿ, ಹಟ್ಟಿಯಲ್ಲಿ, ಗುಡ್ಡೆಯ ಬುಡದಲ್ಲಿ ದಿನವೂ ತೊಟ್ಟಿಕ್ಕುತ್ತಿದ್ದರೂ ಇರಬಹುದು. ತೊಟ್ಟಿಕ್ಕುವುದಕ್ಕೆ ಪಾತ್ರೆಯಿಡದಿದ್ದರೆ ಅದು ತೋಡಿಗೆ, ತೋಡಿನಿಂದ ಹೊಳೆಗೆ, ಹೊಳೆಯಿಂದ ಸಮುದ್ರಕ್ಕೆ ಹೋಗುತ್ತದೆ. ಆ ಸಮುದ್ರದ ಆಚೆ ಕುಳಿತು ಅದಕ್ಕಾಗಿ ಹಂಬಲಿಸಿದವರು ಈಗ ನಮ್ಮ ನಡುವೆ ಇದ್ದಾರೆ. ಅವರ ಕಣ್ಣು ಮಬ್ಬಾಗುವ ಮೊದಲು ಪಾತ್ರೆಯಿಡುವ ಕೆಲಸಕ್ಕೆ ಅವರೊಡನೆ ನಾವೂ ಕೈಗೂಡಿಸಬೇಕು. ಮಳೆ ಬಿಟ್ಟ ಕೂಡಲೇ ನಿಮ್ಮ ನಿಮ್ಮ ಗುಡ್ಡೆಯ ಸುರಂಗದ ಬಾಯಿಯ ಪೊದೆಯನ್ನು ಸವರಿ ನೋಡಿರಿ. ಏಪ್ರಿಲ್ ತಿಂಗಳಲ್ಲಿ ಬಾಲ್ದಿ ಇಟ್ಟು ಅಳೆಯಿರಿ. ಅಳೆದ ಲೆಕ್ಕವನ್ನು ಈ ಪುಟಕ್ಕೆ ಬರೆದು ಕಳುಹಿಸಿದರೆ ನೆರೆಯ ಹತ್ತು ಮಂದಿಗೆ ಅದರಿಂದ ಉಪಕಾರವಾದೀತು.